ಬೆಸುಗೆಯ ಹೊಗೆ

ಮನುಷ್ಯನು ಲೋಹವನ್ನು ಕಂಡುಕೊಂಡ ಕಾಲದಿಂದ ಅವನ ಬದುಕು ಬೆಂಕಿಯ ಸಮೀಪದಲ್ಲಿಯೇ ಸಾಗಿ ಬಂದಿದೆ. ಕಮ್ಮಾರನ ಕುಲುಮೆ, ಕಂಚುಗಾರನ ಮೂಸೆ, ಅಕ್ಕಸಾಲಿಗನ ಊದುಗೊಳವೆ ಇವು ಹಿಂದಿನ ಗ್ರಾಮಜೀವನದ ಆಧಾರಗಳಾಗಿದ್ದವು. ಇಂದು ಅವುಗಳ ಬಹುಪಾಲು ಕೆಲಸವನ್ನು ವಿದ್ಯುತ್ ಬೆಸುಗೆಯ ಯಂತ್ರ ವಹಿಸಿಕೊಂಡಿದೆ. ಮನೆಯ ಗೇಟಿನಿಂದ ಮೊದಲ್ಗೊಂಡು ಟ್ರಾಕ್ಟರಿನ ಟ್ರೇಲರ್, ಹಾಲಿನ ಡೈರಿಯ ತೊಟ್ಟಿ, ಸೇತುವೆಯ ತೊಲೆಗಳವರೆಗೆ ಲೋಹದ ತುಂಡುಗಳನ್ನು ಒಂದುಗೂಡಿಸುವವನು ಬೆಸುಗೆಗಾರ. ಜನರು ಅವನನ್ನು 'ವೆಲ್ಡರ್' ಎಂದು ಕರೆಯುತ್ತಾರೆ. ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಮಾತ್ರವಲ್ಲದೆ, ಸಣ್ಣ ಪೇಟೆಗಳ ರಸ್ತೆಬದಿಯ ತಗಡಿನ ಛಾವಣಿಯ ಕೆಳಗೂ ಅವನ ಕೆಲಸ ನಡೆಯುತ್ತಿರುತ್ತದೆ.

ಅವನ ಕೈಯಿಂದ ಹೊಮ್ಮುವ ನೀಲಿ ಬೆಳಕನ್ನು ದಾರಿಹೋಕರೆಲ್ಲರೂ ಬಲ್ಲರು. 'ಅದನ್ನು ನೋಡಬೇಡ, ಕಣ್ಣು ಹಾಳಾದೀತು' ಎಂದು ತಾಯಂದಿರು ಮಕ್ಕಳ ಮುಖವನ್ನು ಅತ್ತ ತಿರುಗಿಸುತ್ತಾರೆ. ಆ ಎಚ್ಚರಿಕೆ ಸರಿಯಾದುದೇ. ಆದರೆ ಬೆಳಕಿನ ಜೊತೆಗೆ ಮೇಲೇಳುವ ತೆಳುವಾದ ಹೊಗೆಯ ವಿಷಯದಲ್ಲಿ ಅಂತಹ ಎಚ್ಚರ ಸಮಾಜದಲ್ಲಿ ಇನ್ನೂ ಮೂಡಿಲ್ಲ. ಬೆಳಕು ಕಣ್ಣಿಗೆ ಕೂಡಲೇ ನೋವು ಕೊಡುವುದರಿಂದ ಅದಕ್ಕೆ ಹೆದರುತ್ತಾರೆ. ಹೊಗೆಯ ಪೆಟ್ಟು ವರ್ಷಗಳ ಅನಂತರ ಕಾಣಿಸಿಕೊಳ್ಳುವುದರಿಂದ ಅದನ್ನು ಮರೆಯುತ್ತಾರೆ. ಈ ಮರೆವಿನ ಬೆಲೆಯನ್ನು ತೆರುವವನು ಬೆಸುಗೆಗಾರ. ತುಕ್ಕು ಹಿಡಿಯದ ಉಕ್ಕಿನ ಕೆಲಸ ಮಾಡುವವನು ಉಳಿದವರಿಗಿಂತ ಹೆಚ್ಚಾಗಿ ತೆರುತ್ತಾನೆ.

ಜನಸಾಮಾನ್ಯರು 'ಸ್ಟೀಲ್' ಎಂದು ಕರೆಯುವ ಈ ಲೋಹದ ಚರಿತ್ರೆ ಬಹಳ ಹಳೆಯದಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞನು ಬಂದೂಕಿನ ನಳಿಕೆಗಳಿಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದಾಗ, ಕ್ರೋಮಿಯಂ ಬೆರೆತ ಉಕ್ಕು ತುಕ್ಕು ಹಿಡಿಯದಿರುವುದನ್ನು ಗಮನಿಸಿದನು. ಉಕ್ಕಿನಲ್ಲಿ ಶೇಕಡ 10.5ರಷ್ಟಾದರೂ ಕ್ರೋಮಿಯಂ ಇದ್ದರೆ ಅದರ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ ಏರ್ಪಡುತ್ತದೆ. ಗೀರು ಬಿದ್ದರೂ ಗಾಳಿಯ ಆಮ್ಲಜನಕದೊಡನೆ ಸೇರಿ ಆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಸುಮಾರು ಶೇಕಡ 18 ಭಾಗ ಕ್ರೋಮಿಯಂ ಮತ್ತು ಶೇಕಡ 8 ಭಾಗ ನಿಕಲ್ ಇರುತ್ತವೆ. ನಿಕಲ್ ದುಬಾರಿಯಾದ ಲೋಹವಾದ್ದರಿಂದ ಕೆಲವು ಬಗೆಗಳಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸನ್ನು ಹೆಚ್ಚಾಗಿ ಸೇರಿಸುತ್ತಾರೆ. ಕ್ರೋಮಿಯಂ ಕನ್ನಡ ನಾಡಿಗೆ ಅಪರಿಚಿತವಾದುದೇನಲ್ಲ. ಹಾಸನ ಜಿಲ್ಲೆಯ ಬೈರಾಪುರದ ಸುತ್ತಿನ ನೆಲದಲ್ಲಿ ಅದರ ಅದಿರು ದೊರೆತಿದೆ.

ಅಡಿಗೆಮನೆಯ ತಟ್ಟೆ ಲೋಟಗಳು, ಆಸ್ಪತ್ರೆಯ ಶಸ್ತ್ರಗಳು, ಹಾಲು ಸಾಗಿಸುವ ತೊಟ್ಟಿಗಳು, ಔಷಧ ತಯಾರಿಕೆಯ ಪಾತ್ರೆಗಳು ಎಲ್ಲವೂ ಈ ಉಕ್ಕಿನಿಂದ ಆಗುತ್ತವೆ. ಇತ್ತೀಚಿನ ದಶಕಗಳಲ್ಲಿ ಹೊಸ ಮನೆಗಳ ಮೆಟ್ಟಿಲಿಗೂ ಬಾಲ್ಕನಿಗೂ ಹೊಳೆಯುವ ಉಕ್ಕಿನ ರೇಲಿಂಗ್ ಹಾಕಿಸುವುದು ರೂಢಿಯಾಗಿದೆ. ತಟ್ಟೆಯಲ್ಲಿ ಊಟ ಮಾಡುವವರಿಗೂ ರೇಲಿಂಗ್ ಹಿಡಿದು ಮೆಟ್ಟಿಲು ಹತ್ತುವವರಿಗೂ ಈ ಲೋಹದಿಂದ ಭಯವಿಲ್ಲ. ಗಟ್ಟಿ ಲೋಹದ ರೂಪದಲ್ಲಿ ಕ್ರೋಮಿಯಂ ಉಕ್ಕನ್ನು ಕಾಯುವ ಕಾವಲುಗಾರನಂತಿರುತ್ತದೆ. ಅದೇ ಕ್ರೋಮಿಯಂ ಬೆಂಕಿಗೆ ಸಿಕ್ಕಿ ಹೊಗೆಯಾದಾಗ ತನ್ನನ್ನು ಬೆಸೆಯುವವನಿಗೆ ಹಗೆಯಾಗುತ್ತದೆ.

ಈ ಮಾರ್ಪಾಟು ನಡೆಯುವ ಬಗೆಯನ್ನು ತಿಳಿಯದೆ ಅದರಿಂದ ಪಾರಾಗುವ ಉಪಾಯವನ್ನು ತಿಳಿಯಲಾಗದು. ಈ ಉಕ್ಕು ಕರಗಲು 1,400ರಿಂದ 1,500 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ಆದರೆ ವಿದ್ಯುತ್ ಚಾಪದ ಉಷ್ಣತೆ ಅದಕ್ಕಿಂತ ಎಷ್ಟೋ ಪಟ್ಟು ಅಧಿಕ. ಅಲ್ಲಿ ಲೋಹದ ಸ್ವಲ್ಪ ಭಾಗ, ಮುಖ್ಯವಾಗಿ ವೆಲ್ಡಿಂಗ್ ರಾಡಿನ ತುದಿಯ ಭಾಗ, ಕರಗುವುದಷ್ಟೇ ಅಲ್ಲದೆ ಆವಿಯಾಗಿ ಹೋಗುತ್ತದೆ. ಆವಿ ಮೇಲೇರಿ ಗಾಳಿಯ ಆಮ್ಲಜನಕದೊಡನೆ ಕೂಡಿ, ತಣಿದು, ಅತಿ ಸೂಕ್ಷ್ಮವಾದ ಘನ ಕಣಗಳಾಗುತ್ತದೆ. ಈ ಕಣಗಳ ಸಮೂಹವೇ ಬೆಸುಗೆಯ ಹೊಗೆ. ಕ್ರೋಮಿಯಂನ ಒಂದಂಶ ಆಗ ಷಡ್ವೇಲೆನ್ಸೀಯ ಕ್ರೋಮಿಯಂ ಎಂಬ ರೂಪವನ್ನು ತಾಳುತ್ತದೆ. ರಾಡಿನ ಮೇಲಿನ ಲೇಪದಲ್ಲಿರುವ ಪೊಟ್ಯಾಸಿಯಂ ಮತ್ತು ಸೋಡಿಯಂ ಲವಣಗಳು ಈ ರೂಪವನ್ನು ಸ್ಥಿರವಾಗಿ ಉಳಿಸುತ್ತವೆ. ಆದುದರಿಂದ ಲೇಪವಿರುವ ರಾಡಿನಿಂದ ಸ್ಟೀಲನ್ನು ಬೆಸೆಯುವ ಕೆಲಸದಲ್ಲಿ ಈ ವಿಷದ ಪ್ರಮಾಣ ಹೆಚ್ಚು.

ಹೊಲದ ಧೂಳಿಗೂ ಈ ಹೊಗೆಗೂ ಬಹಳ ವ್ಯತ್ಯಾಸವಿದೆ. ಧೂಳಿನ ದಪ್ಪ ಕಣಗಳನ್ನು ಮೂಗಿನ ಕೂದಲೂ ಗಂಟಲಿನ ತೇವವೂ ತಡೆದು ನಿಲ್ಲಿಸುತ್ತವೆ; ಕೆಮ್ಮು ಸೀನುಗಳು ಅವನ್ನು ಹೊರಗೆ ಹಾಕುತ್ತವೆ. ಬೆಸುಗೆಯ ಹೊಗೆಯ ಕಣಗಳಾದರೋ ಬಹುಮಟ್ಟಿಗೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕವು. ಅವು ಈ ಕಾವಲುಗಳನ್ನೆಲ್ಲ ದಾಟಿ, ರಕ್ತಕ್ಕೆ ಆಮ್ಲಜನಕವನ್ನು ಒದಗಿಸುವ ಶ್ವಾಸಕೋಶದ ಪುಟ್ಟ ವಾಯುಕೋಶಗಳನ್ನು ತಲುಪುತ್ತವೆ. ಷಡ್ವೇಲೆನ್ಸೀಯ ಕ್ರೋಮಿಯಂನ ರಚನೆ ಶರೀರಕ್ಕೆ ಬೇಕಾದ ಸಲ್ಫೇಟ್, ಫಾಸ್ಫೇಟ್‌ಗಳ ರಚನೆಯನ್ನು ಹೋಲುವುದರಿಂದ, ಜೀವಕೋಶವು ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ವೇಷ ಮರೆಸಿಕೊಂಡು ಕೋಟೆಯನ್ನು ಹೊಕ್ಕ ಶತ್ರುವಿನಂತೆ ಅದು ಒಳಗೆ ತನ್ನ ರೂಪವನ್ನು ಬದಲಿಸುತ್ತದೆ. ಆ ಬದಲಾವಣೆಯ ಹೊತ್ತಿನಲ್ಲಿ ಆನುವಂಶಿಕ ಗುಣಗಳನ್ನು ಹೊತ್ತಿರುವ ಡಿ.ಎನ್.ಎ.ಗೆ ಹಾನಿ ಮಾಡುತ್ತದೆ. ಕ್ಯಾನ್ಸರ್ ರೋಗದ ಬೀಜ ಬೀಳುವುದು ಇಂತಹ ಹಾನಿಯಿಂದಲೇ.

ಕ್ರೋಮಿಯಂನ ಈ ಗುಣ ನಿನ್ನೆ ಮೊನ್ನೆ ತಿಳಿದುದಲ್ಲ. 1827ರಲ್ಲಿಯೇ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯನಾದ ವಿಲಿಯಂ ಕ್ಯೂಮಿನ್, ಕ್ರೋಮಿಯಂ ಲವಣಗಳನ್ನು ಬಳಸುವ ಬಣ್ಣಗಾರರ ಕೈಗಳಲ್ಲಿ ಆಳವಾದ ಹುಣ್ಣುಗಳಾಗುವುದನ್ನು ವರ್ಣಿಸಿದ್ದನು. 1890ರಲ್ಲಿ ಅದೇ ನಗರದಲ್ಲಿ ಕ್ರೋಮಿಯಂ ಕೆಲಸಗಾರನೊಬ್ಬನ ಮೂಗಿನಲ್ಲಿ ಕ್ಯಾನ್ಸರ್ ಆದುದು ದಾಖಲಾಯಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1990ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಷಡ್ವೇಲೆನ್ಸೀಯ ಕ್ರೋಮಿಯಂ ಮತ್ತು ನಿಕಲ್ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಇರಿಸಿತು. ಆಗ ಬೆಸುಗೆಯ ಹೊಗೆಯನ್ನು ಕ್ಯಾನ್ಸರ್ ಉಂಟುಮಾಡುವ ಸಂಭವವಿದೆ ಎಂದಷ್ಟೇ ಹೇಳಿತ್ತು. 2017ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಬೆಸುಗೆಯ ಹೊಗೆಯನ್ನೂ ಮೊದಲ ವರ್ಗಕ್ಕೆ ಸೇರಿಸಿತು. ಶ್ವಾಸಕೋಶದ ಕ್ಯಾನ್ಸರಿಗೆ ಈ ಹೊಗೆ ಕಾರಣವಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿದೆ ಎಂದೂ, ಮೂತ್ರಪಿಂಡದ ಕ್ಯಾನ್ಸರಿನ ವಿಷಯದಲ್ಲಿ ಆಧಾರ ಇನ್ನೂ ಮಿತವಾಗಿದೆ ಎಂದೂ ಅದು ತೀರ್ಮಾನಿಸಿತು. ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಮಂದಿ ಬೆಸುಗೆಗಾರರು ಇದ್ದಾರೆಂದೂ, ಬೇರೆ ಕೆಲಸದವರಾದರೂ ಬೆಸುಗೆಯ ಸಂಪರ್ಕಕ್ಕೆ ಬರುವವರು ಇನ್ನೂ 11 ಕೋಟಿಯಷ್ಟಿರಬಹುದೆಂದೂ ಅದೇ ಸಂಸ್ಥೆ ಅಂದಾಜು ಮಾಡಿದೆ.

ಕ್ಯಾನ್ಸರ್ ಒಂದೇ ಈ ಹೊಗೆಯ ಕೇಡಲ್ಲ. ಕ್ರೋಮಿಯಂ, ನಿಕಲ್‌ಗಳು ಕೆಲವರ ಚರ್ಮದಲ್ಲಿ ತುರಿಕೆಯನ್ನೂ ಕೆಲವರಲ್ಲಿ ಉಬ್ಬಸವನ್ನೂ ಉಂಟುಮಾಡುತ್ತವೆ. ಮ್ಯಾಂಗನೀಸಿನ ಹೊಗೆ ಮಿದುಳಿಗೆ ತಗಲುತ್ತದೆ. 1837ರಲ್ಲಿ ಜೇಮ್ಸ್ ಕೂಪರ್ ಎಂಬ ವೈದ್ಯನು ಮ್ಯಾಂಗನೀಸಿನ ಪುಡಿ ಅರೆಯುವ ಕೆಲಸಗಾರರ ಕಾಲುಗಳಲ್ಲಿ ಶಕ್ತಿ ಕುಂದಿ ನಡಿಗೆ ಕೆಡುವುದನ್ನು ಕಂಡು ಬರೆದಿಟ್ಟನು. ಸತುವಿನ ಲೇಪವಿರುವ ತಗಡನ್ನು ಬೆಸೆದವನಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬಂದು, ಬಾಯಿ ಲೋಹದ ರುಚಿಯಾಗಿ, ಒಂದೆರಡು ದಿನಗಳಲ್ಲಿ ಇಳಿದುಹೋಗುತ್ತದೆ. ಬೆಸುಗೆಗಾರರಿಗೆ ನ್ಯುಮೋನಿಯಾ ತಗಲುವ ಸಂಭವ ಇತರರಿಗಿಂತ ಅಧಿಕವೆಂಬುದೂ ಸಿದ್ಧಪಟ್ಟಿದೆ.

ಇಷ್ಟು ತಿಳಿದಿದ್ದರೂ ಅಂಗಡಿಗಳಲ್ಲಿ ರಕ್ಷಣೆಯ ಹೆಸರಿನಲ್ಲಿ ಕಾಣುವುದು ಹೆಚ್ಚಾಗಿ ಮೂರು ವಸ್ತುಗಳು: ಕಪ್ಪು ಗಾಜು, ಮುಖಕ್ಕೆ ಸುತ್ತಿದ ಕರವಸ್ತ್ರ, ಕೆಲಸ ಮುಗಿದ ಮೇಲೆ ತಿನ್ನುವ ಬೆಲ್ಲದ ತುಂಡು. ಕಪ್ಪು ಗಾಜು ಕಣ್ಣನ್ನು ಕಾಯುತ್ತದೆ. ಉಸಿರಿಗೂ ಅದಕ್ಕೂ ಸಂಬಂಧವಿಲ್ಲ. ಕರವಸ್ತ್ರದ ನೂಲಿನ ಎಳೆಗಳ ನಡುವಣ ತೆರಪು ಹೊಗೆಯ ಕಣಕ್ಕೆ ಊರಬಾಗಿಲಿನಷ್ಟು ವಿಶಾಲ. ಇನ್ನು ಬೆಲ್ಲವಾಗಲಿ ಹಾಲಾಗಲಿ ಇಳಿಯುವುದು ಅನ್ನನಾಳದ ಮೂಲಕ ಹೊಟ್ಟೆಗೆ. ಹೊಗೆ ಇಳಿಯುವುದು ಶ್ವಾಸನಾಳದ ಮೂಲಕ ಶ್ವಾಸಕೋಶಕ್ಕೆ. ಒಂದು ದಾರಿಯಲ್ಲಿ ಹೋದ ಕಳ್ಳನನ್ನು ಇನ್ನೊಂದು ದಾರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೆಲ್ಲ ತಿನ್ನುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ತಿಂದು ನಿಶ್ಚಿಂತನಾಗುವುದರಲ್ಲಿ ತಪ್ಪಿದೆ.

'ಹಿರಿಯರು ಇದೇ ಕೆಲಸ ಮಾಡಿಕೊಂಡು ಬಂದರು, ಅವರಿಗೇನಾಯಿತು?' ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದು. ಹೊಗೆ ಕುಡಿದವರೆಲ್ಲರೂ ರೋಗಿಗಳಾಗುವುದಿಲ್ಲ ಎಂಬುದು ನಿಜ. ಆದರೆ ಶ್ವಾಸಕೋಶದ ಕ್ಯಾನ್ಸರ್ ಹೊಗೆಗೆ ಒಡ್ಡಿಕೊಂಡ ಮರುವರ್ಷವೇ ತೋರುವ ರೋಗವಲ್ಲ. ಅದು ಪ್ರಕಟವಾಗಲು ಅನೇಕ ವೇಳೆ ಇಪ್ಪತ್ತು ವರ್ಷಗಳಾದರೂ ಬೇಕು. ಅಷ್ಟರಲ್ಲಿ ಕೆಲಸಗಾರ ಆ ಅಂಗಡಿಯನ್ನು ಬಿಟ್ಟಿರುತ್ತಾನೆ, ಊರನ್ನೂ ಬಿಟ್ಟಿರಬಹುದು. ಅವನ ಕಾಯಿಲೆಗೂ ಅವನ ಯೌವನದ ದುಡಿಮೆಗೂ ಇರುವ ನಂಟನ್ನು ನೆನಪಿಡುವವರು ಯಾರೂ ಇರುವುದಿಲ್ಲ. ಹಿರಿಯರಿಗೆ ಏನೂ ಆಗಲಿಲ್ಲ ಎಂಬ ಮಾತಿನ ಅರ್ಥ ಹಲವು ಬಾರಿ, ಹಿರಿಯರಿಗೆ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ ಎಂಬುದಷ್ಟೇ ಆಗಿರುತ್ತದೆ.

ಇನ್ನು ಕೆಲವರು ತಪ್ಪನ್ನು ಬೀಡಿಯ ಮೇಲೆ ಹೊರಿಸುತ್ತಾರೆ. ಧೂಮಪಾನ ಶ್ವಾಸಕೋಶದ ಕ್ಯಾನ್ಸರಿಗೆ ಪ್ರಬಲ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಬೆಸುಗೆಗಾರನು ಅದನ್ನು ಬಿಡುವುದು ಅವನಿಗೆ ಎರಡು ಪಟ್ಟು ಹಿತ. ಆದರೆ 2017ರ ಪರಿಶೀಲನೆಯಲ್ಲಿ ವಿಜ್ಞಾನಿಗಳು ಧೂಮಪಾನವನ್ನೂ ಕಲ್ನಾರಿನ ಸಂಪರ್ಕವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೀರ್ಮಾನಕ್ಕೆ ಬಂದರು. ಅವೆರಡನ್ನೂ ಕಳೆದ ಮೇಲೆಯೂ ಬೆಸುಗೆಯ ಹೊಗೆಯ ಪಾಲು ಉಳಿಯಿತು. ರೋಗಿಯ ಜೇಬಿನಲ್ಲಿ ಬೀಡಿಯ ಕಟ್ಟು ಕಂಡೊಡನೆ ಅಂಗಡಿಯ ಗಾಳಿಯನ್ನು ನಿರ್ದೋಷಿಯೆಂದು ಸಾರುವುದು ನ್ಯಾಯವಲ್ಲ.

ಮೂರನೆಯ ಆಕ್ಷೇಪಣೆ ಹಣದ್ದು. ಇಬ್ಬರು ಮೂವರನ್ನು ಇಟ್ಟುಕೊಂಡು ಅಡಿ ಲೆಕ್ಕದಲ್ಲಿ ಕೆಲಸ ಒಪ್ಪಿಕೊಳ್ಳುವ ಅಂಗಡಿಯವನು ದೊಡ್ಡ ಯಂತ್ರಗಳನ್ನು ತರುವುದೆಲ್ಲಿಂದ? ಈ ಮಾತಿನಲ್ಲಿ ಹುರುಳಿದೆ. ಆದರೆ ಮೊದಲ ಹೆಜ್ಜೆಗಳಿಗೆ ಹಣ ಬೇಕಾಗಿಲ್ಲ. ಮೇಲೇಳುವ ಹೊಗೆಯ ಕಂಬದೊಳಗೆ ತಲೆಯನ್ನು ಬಾಗಿಸದೆ ಪಕ್ಕಕ್ಕೆ ಕುಳಿತು ಕೆಲಸ ಮಾಡಬಹುದು. ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಹೊಗೆ ಮುಖದಿಂದ ದೂರ ಸಾಗುವಂತೆ ಕೆಲಸವನ್ನು ಇರಿಸಿಕೊಳ್ಳಬಹುದು. ಬೆಸೆಯುವ ಜಾಗದ ಬಣ್ಣವನ್ನೂ ಎಣ್ಣೆಯನ್ನೂ ಮೊದಲೇ ತೆಗೆದುಹಾಕಬಹುದು. ಊಟಕ್ಕೆ ಮೊದಲು ಕೈ ಮುಖ ತೊಳೆಯುವುದು, ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಬೆರೆಸದಿರುವುದು ಇವೂ ಖರ್ಚಿಲ್ಲದ ಕ್ರಮಗಳೇ.

ಅದಕ್ಕೆ ಮುಂದಿನ ಹೆಜ್ಜೆ ಕೆಲಸದ ವಿಧಾನವನ್ನೇ ಬದಲಿಸುವುದು. ಅಂಗಡಿಗಳಲ್ಲಿ 'ಆರ್ಗಾನ್ ವೆಲ್ಡಿಂಗ್' ಎಂದು ಕರೆಯುವ ವಿಧಾನದಲ್ಲಿ ಲೇಪವಿರುವ ರಾಡಿನ ವಿಧಾನಕ್ಕಿಂತ ಹೊಗೆ ಬಹಳ ಕಡಿಮೆ. ತೆಳುವಾದ ಸ್ಟೀಲ್ ಕೊಳವೆಗಳ ಕೆಲಸಕ್ಕೆ ಅದು ತಕ್ಕುದೂ ಹೌದು. ಆದರೂ ಅದು ಸಂಪೂರ್ಣ ನಿರಪಾಯವಲ್ಲ. ಅದರ ತೀಕ್ಷ್ಣವಾದ ಕಿರಣಗಳು ಗಾಳಿಯಲ್ಲಿ ಓಝೋನ್ ಅನಿಲವನ್ನು ಹುಟ್ಟಿಸುತ್ತವೆ. ತೊಟ್ಟಿಯಂತಹ ಮುಚ್ಚಿದ ಜಾಗದಲ್ಲಿ ಆರ್ಗಾನ್ ತುಂಬಿಕೊಂಡರೆ ಉಸಿರಾಡಲು ಬೇಕಾದ ಆಮ್ಲಜನಕವೇ ಇಲ್ಲವಾಗಿ ಪ್ರಾಣ ಹೋಗಬಹುದು.

ಎಲ್ಲಕ್ಕಿಂತ ಫಲಕಾರಿಯಾದುದು ಹೊಗೆ ಹುಟ್ಟಿದ ಸ್ಥಳದಲ್ಲಿಯೇ ಅದನ್ನು ಹೀರಿಕೊಳ್ಳುವ ವ್ಯವಸ್ಥೆ. ಹೀರುವ ಕೊಳವೆಯ ಬಾಯಿ ಬೆಸುಗೆಯ ಬಳಿಯಲ್ಲಿಯೇ ಇರಬೇಕು. ಕೊಳವೆಯ ವ್ಯಾಸದಷ್ಟು ದೂರ ಸರಿದರೂ ಗಾಳಿಯ ಸೆಳೆತ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಛಾವಣಿಯಲ್ಲಿ ಫ್ಯಾನ್ ಹಾಕಿ ಸಮಾಧಾನಪಟ್ಟುಕೊಂಡರೆ ಹೊಗೆ ಮೊದಲು ಕೆಲಸಗಾರನ ಮೂಗನ್ನು ಹಾದು ಅನಂತರ ಮೇಲೇರುತ್ತದೆ. 2019ರಲ್ಲಿ ಬ್ರಿಟನ್ನಿನ ಸುರಕ್ಷತಾ ಅಧಿಕಾರಿಗಳು, ಕಟ್ಟಡದೊಳಗಿನ ಬೆಸುಗೆಗೆ ಬಾಗಿಲು ಕಿಟಕಿಗಳ ಗಾಳಿ ಸಾಲದೆಂದು ಸ್ಪಷ್ಟವಾಗಿ ಸಾರಿದರು. ಹೀರುವ ವ್ಯವಸ್ಥೆ ಸಾಧ್ಯವಾಗದ ಕಡೆ, ಸೂಕ್ಷ್ಮ ಕಣಗಳನ್ನು ತಡೆಯಬಲ್ಲ ಮುಖವಾಡವನ್ನು ಮೂಗು ಗಲ್ಲಗಳಿಗೆ ಬಿಗಿಯಾಗಿ ಕೂರುವಂತೆ ಧರಿಸಬೇಕು. ಸಂದಿ ಬಿಟ್ಟ ಮುಖವಾಡ ಅಗುಳಿಯಿಲ್ಲದ ಬಾಗಿಲಿನಂತೆ. ಮುಖವಾಡವು ಕೊನೆಯ ರಕ್ಷಣೆಯಾಗಬೇಕೇ ಹೊರತು ಮಾಲೀಕನು ಬೇರೆ ಏನನ್ನೂ ಮಾಡದಿರುವುದಕ್ಕೆ ನೆಪವಾಗಬಾರದು.

ಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. 1948ರ ಕಾರ್ಖಾನೆಗಳ ಅಧಿನಿಯಮವು, ಹಾನಿಕರವಾದ ಧೂಳು ಹೊಗೆಗಳನ್ನು ಅವು ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿಯೇ ಹೊರಹಾಕಬೇಕೆಂದು ವಿಧಿಸಿತ್ತು. ಕ್ರೋಮಿಯಂ ಹುಣ್ಣನ್ನೂ ಮ್ಯಾಂಗನೀಸ್ ವಿಷಬಾಧೆಯನ್ನೂ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿಯಾದರೂ ದುಡಿಯುತ್ತಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಅನ್ವಯಿಸುತ್ತಿತ್ತು. ಅದರ ಸ್ಥಾನದಲ್ಲಿ 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆಯು ಕಾರ್ಖಾನೆ ಎನ್ನಿಸಿಕೊಳ್ಳುವ ಈ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿದೆ. ಇಬ್ಬರು ಮೂವರು ದುಡಿಯುವ ರಸ್ತೆಬದಿಯ ಅಂಗಡಿ ಹಿಂದೆಯೂ ಕಾರ್ಖಾನೆಯಾಗಿರಲಿಲ್ಲ, ಇಂದೂ ಅಲ್ಲ. ಹೊಗೆಯಾದರೋ ಕೆಲಸಗಾರರ ತಲೆ ಎಣಿಸಿ ವಿಷವಾಗುವುದಿಲ್ಲ.

ಆದುದರಿಂದ ಸರ್ಕಾರದ ಹೊಣೆ ಕಾಯಿದೆ ಬರೆಯುವುದರೊಂದಿಗೆ ಮುಗಿಯುವುದಿಲ್ಲ. ಯಂತ್ರ ಕೊಳ್ಳಲು ಸಾಲ ಸಹಾಯಧನಗಳನ್ನು ಕೊಡುವಾಗ ಹೊಗೆ ಹೀರುವ ಸಾಧನವನ್ನೂ ಅದರ ಅಂಗವೆಂದು ಎಣಿಸಬೇಕು. 2006ರಲ್ಲಿ ಅಮೆರಿಕವು ಗಾಳಿಯಲ್ಲಿ ಇರಬಹುದಾದ ಷಡ್ವೇಲೆನ್ಸೀಯ ಕ್ರೋಮಿಯಂನ ಮಿತಿಯನ್ನು ಘನಮೀಟರಿಗೆ 52 ಮೈಕ್ರೋಗ್ರಾಮಿನಿಂದ 5 ಮೈಕ್ರೋಗ್ರಾಮಿಗೆ ಇಳಿಸಿತು. ಮಿತಿಯನ್ನು ಬಿಗಿಮಾಡುವುದು ಅಸಾಧ್ಯವಲ್ಲವೆಂಬುದಕ್ಕೆ ಇದು ನಿದರ್ಶನ. ಆದರೆ ಗಾಳಿಯನ್ನು ಅಳೆಯುವವರು ಇಲ್ಲದಿದ್ದರೆ ಎಷ್ಟು ಬಿಗಿಯಾದ ಮಿತಿಯೂ ಕಾಗದದ ಮೇಲೆಯೇ ಉಳಿಯುತ್ತದೆ. ಅಹಮದಾಬಾದಿನಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಇಂತಹ ಸಂಸ್ಥೆಗಳ ತಿಳಿವಳಿಕೆ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೂ ತಲುಪಬೇಕು. ಇಟಲಿಯ ಬರ್ನಾರ್ಡಿನೊ ರಾಮಝೀನಿ ಎಂಬ ವೈದ್ಯನು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದು, ವೈದ್ಯನಾದವನು ರೋಗಿಯ ಕಸುಬು ಏನೆಂಬುದನ್ನೂ ಕೇಳಬೇಕೆಂದು ಬೋಧಿಸಿದನು. ಮುನ್ನೂರು ವರ್ಷಗಳು ಕಳೆದರೂ ಕೆಮ್ಮಿನಿಂದ ಬಳಲಿ ಬಂದ ಬಡ ಬೆಸುಗೆಗಾರನಿಗೆ ಈ ಒಂದು ಪ್ರಶ್ನೆ ಎಲ್ಲ ಕಡೆಯೂ ದೊರೆಯುವಂತಾಗಿಲ್ಲ.

ಮನೆ ಕಟ್ಟಿಸುವವರಿಗೂ ಇದರಲ್ಲಿ ಪಾಲುಂಟು. ಹೊಳೆಯುವ ರೇಲಿಂಗ್ ಬೇಕು, ಬೇಗ ಆಗಬೇಕು, ಅಗ್ಗವಾಗಿ ಆಗಬೇಕು ಎಂದು ಚೌಕಾಸಿ ಮಾಡುವವರು, ಅಗ್ಗದ ಬೆಲೆಯಲ್ಲಿ ಉಳಿದ ಬಾಕಿಯನ್ನು ಯಾರು ತೀರಿಸುತ್ತಾರೆಂದು ಯೋಚಿಸುವುದು ಅಪರೂಪ. ಅಡಿಗೆ ಕೆಲವು ರೂಪಾಯಿ ಹೆಚ್ಚು ಕೊಟ್ಟು, ಕೆಲಸಗಾರನಿಗೆ ಮುಖವಾಡ ಕೊಡಲಾಗಿದೆಯೇ ಎಂದು ವಿಚಾರಿಸುವ ಗಿರಾಕಿ ಒಂದು ಊರಿನಲ್ಲಿ ಹತ್ತು ಮಂದಿ ಇದ್ದರೂ ಅಂಗಡಿಗಳ ರೀತಿ ಬದಲಾದೀತು.

ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಗಳಲ್ಲಿ ಕೆಲವರು ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಸೇರುತ್ತಾರೆ; ಅಲ್ಲಿ ಬೆಸುಗೆಯ ಕಸುಬಿಗೆ ಒಂದು ವರ್ಷದ ಶಿಕ್ಷಣವಿದೆ. ಇನ್ನು ಕೆಲವರು ನೇರವಾಗಿ ಅಂಗಡಿಗೆ ಹೋಗಿ ಹಿರಿಯ ಕೆಲಸಗಾರನ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ಅಚ್ಚುಕಟ್ಟಾದ ಬೆಸುಗೆ ಹಾಕುವುದನ್ನು ಕಲಿಸುವ ಗುರುವೇ ಹೊಗೆಯನ್ನು ತಪ್ಪಿಸಿಕೊಳ್ಳುವುದನ್ನೂ ಕಲಿಸಿದರೆ, ಅದು ಶಿಷ್ಯನಿಗೆ ಕೈಯ ನೈಪುಣ್ಯದಷ್ಟೇ ಸಹಜವಾಗುತ್ತದೆ. ಮುಖವಾಡ ತೊಟ್ಟವನನ್ನು 'ಹೆದರುಪುಕ್ಕಲ' ಎಂದು ಗೇಲಿ ಮಾಡುವ ಗೆಳೆಯರು ಎಲ್ಲ ಅಂಗಡಿಗಳಲ್ಲಿಯೂ ಇರುತ್ತಾರೆ. ಕಾಣದ ಅಪಾಯವನ್ನು ಬುದ್ಧಿಯಿಂದ ಅರಿತು ಅದಕ್ಕೆ ತಕ್ಕಂತೆ ನಡೆಯುವುದು ಹೇಡಿತನವಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ಶ್ವಾಸಕೋಶಕ್ಕೂ ಅನ್ವಯಿಸುತ್ತದೆ.

ಕಾಯಕವನ್ನು ಪೂಜ್ಯವೆಂದು ಭಾವಿಸಿ ಬಂದ ನಾಡು ಕರ್ನಾಟಕ. ಆಯುಧಪೂಜೆಯ ದಿನ ಬೆಸುಗೆಯ ಯಂತ್ರವನ್ನು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕುಂಬಳಕಾಯಿ ಒಡೆದು ದೃಷ್ಟಿ ತೆಗೆಯುತ್ತಾರೆ. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಅದನ್ನು ನಡೆಸುವವನ ಶ್ವಾಸಕೋಶಕ್ಕೆ ಬದಲಿಯನ್ನು ಕೊಡುವ ಅಂಗಡಿ ಯಾವ ಪೇಟೆಯಲ್ಲಿಯೂ ಇಲ್ಲ. ಯಂತ್ರಕ್ಕೆ ವರ್ಷಕ್ಕೊಮ್ಮೆ ಸಲ್ಲುವ ಆದರದ ಒಂದು ಪಾಲು ಅದರ ಮುಂದೆ ದಿನವೂ ಕೂರುವ ಮನುಷ್ಯನಿಗೆ ದಿನವೂ ಸಲ್ಲಬೇಕು. ಅವನು ಉಸಿರಾಡುವ ಗಾಳಿ ಶುದ್ಧವಾಗಿರುವಂತೆ ನೋಡಿಕೊಳ್ಳುವುದೇ ಆ ಆದರವನ್ನು ಸಲ್ಲಿಸುವ ರೀತಿ.